ಟಾಪು ತೆರೆಯುವ ಕಾರು, ಟೈರಿನ ಒಳಂಚು: ನನ್ನ ಐದು ತಿಂಗಳು

ಕಳೆದ ಗುರುವಾರ ಅಂಚೆಯವರು ತೋಟದ ಗೇಟಿನವರೆಗೆ ಬಂದು ಆರ್‌ಸಿ ಕಾರ್ಡು ಕೊಟ್ಟು, ಸಹಿ ಹಾಕಿಸಿಕೊಂಡು ಹೋದರು. ಅಲ್ಲಿಗೆ ಅಕ್ಟೋಬರಿನಲ್ಲಿ ಕೈಹಾಕಿದ ಕೆಲಸ ಮುಗಿಯಿತು. ಚಾವಣಿ ತೆರೆಯುವ ಐಷಾರಾಮಿ ಕಾರೊಂದನ್ನು ಸೆಕೆಂಡ್‌ಹ್ಯಾಂಡ್ ಕೊಂಡು ನಮ್ಮ ಚಿಕ್ಕಮಗಳೂರು ಸೀಮೆಯ ರಸ್ತೆಗಳಲ್ಲಿ ಓಡಿಸಬೇಕೆಂದಿರುವ ಯಾರಿಗಾದರೂ ಉಪಯೋಗವಾಗಲಿ ಎಂದು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನಾನು ವಿಚಾರಿಸುತ್ತಿದ್ದಾಗ ಎಂಜಿನ್ನಿನ ಶಕ್ತಿ ಎಷ್ಟು, ಟಾಪು ಎಷ್ಟು ಸೆಕೆಂಡಿನಲ್ಲಿ ಮಡಚಿಕೊಳ್ಳುತ್ತದೆ ಎಂದು ಹೇಳುವವರು ಬೇಕಾದಷ್ಟು ಜನ ಸಿಕ್ಕರು. ಟೈರಿನ ಬಗ್ಗೆ ಹೇಳಿದವರು ಒಬ್ಬರೇ.

ಮೊದಲು ಇಂಥ ಕಾರು ಏಕೆ ಎಂಬುದನ್ನು ಹೇಳಿಬಿಡುತ್ತೇನೆ. ನಮ್ಮದು ಆಲ್ದೂರಿನ ಆಚೆ ಕಾಫಿ ತೋಟ. ಅಪ್ಪನ ಬಳಿ ಹುಡ್ ಬಿಚ್ಚಿಟ್ಟ ಹಳೆಯ ವಿಲ್ಲಿಸ್ ಜೀಪು ಇತ್ತು. ಬೇಸಿಗೆ ರಜೆಯಲ್ಲಿ ಅದರ ಮುಂದಿನ ಸೀಟಿನಲ್ಲಿ ಕುಳಿತು ತಲೆ ಎತ್ತಿದರೆ ಸಿಲ್ವರ್ ಓಕ್ ಮರಗಳ ತುದಿ ಸಾಲಾಗಿ ಹಿಂದಕ್ಕೆ ಓಡುತ್ತಿದ್ದವು. ಆ ಜೀಪು ಹೋಗಿ ಮೂವತ್ತು ವರ್ಷವಾಯಿತು. ತೆರೆದ ಗಾಡಿಯ ಆಸೆ ಮಾತ್ರ ಉಳಿದುಕೊಂಡಿತ್ತು. ಈ ಎರಡು ವರ್ಷ ಕಾಫಿಗೆ ಒಳ್ಳೆಯ ಬೆಲೆ ಬಂದಾಗ ಯಜಮಾನರೇ, 'ನಿನ್ನ ಆಸೆಯ ಗಾಡಿ ತೆಗೆದುಕೋ' ಎಂದರು. ಅಡ್ಡ ಬಂದದ್ದು ನನ್ನ ಸೊಂಟ. ಆರು ವರ್ಷದ ಹಿಂದೆ ಎಲ್4-ಎಲ್5 ಡಿಸ್ಕಿಗೆ ಶಸ್ತ್ರಚಿಕಿತ್ಸೆಯಾಗಿದೆ. ಕಾರು ಓಡಿಸಬಹುದು, ಎತ್ತಿಹಾಕುವ ಗಾಡಿ ಮಾತ್ರ ಬೇಡ ಎಂದು ವೈದ್ಯರು ಅಂದೇ ಹೇಳಿದ್ದರು. ಹಾಗಾಗಿ ಕುಳಿತರೆ ಆರಾಮವಿದೆಯೇ ಎನ್ನುವುದು ನನಗೆ ಶೋಕಿಯ ಪ್ರಶ್ನೆಯಾಗಿರಲಿಲ್ಲ. ಅದೇ ಮೊದಲನೆಯ ಪ್ರಶ್ನೆಯಾಗಿತ್ತು.

ನಮ್ಮ ಪಿಕಪ್ಪಿನ ಟೈರುಗಳನ್ನು ಇಪ್ಪತ್ತು ವರ್ಷದಿಂದ ನೋಡಿಕೊಳ್ಳುವವರು ಚಿಕ್ಕಮಗಳೂರಿನಲ್ಲಿದ್ದಾರೆ. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಾರೆ. ಕಾರು ನೋಡಲು ಬೆಂಗಳೂರಿಗೆ ಹೊರಟಿದ್ದೇನೆ ಎಂದಾಗ ಅವರು ಡ್ರಾಯರಿನಿಂದ ಎರಡು ವಸ್ತು ತೆಗೆದುಕೊಟ್ಟರು: ಗಾಳಿ ಅಳೆಯುವ ಗೇಜು ಮತ್ತು ಟೈರಿನ ಗೆರೆಯ ಆಳ ಅಳೆಯುವ ಪುಟ್ಟ ಅಳತೆಕಡ್ಡಿ. 'ಬಣ್ಣ, ಸೀಟು ಆಮೇಲೆ ನೋಡಿ ಅಮ್ಮಾ. ಮೊದಲು ಬಗ್ಗಿ ಟೈರಿನ ಒಳಗಿನ ಅಂಚು ಮುಟ್ಟಿ ನೋಡಿ. ಮಾರುವವರು ಹೊರಗಿನ ಅಂಚಿಗೆ ಪಾಲಿಶ್ ಹಾಕಿರುತ್ತಾರೆ, ಒಳಗಡೆಗೆ ಹಾಕುವುದಿಲ್ಲ' ಎಂದರು. ಎರಡಕ್ಕೂ ಸೇರಿ 650 ರೂಪಾಯಿ. ಈ ಇಡೀ ವ್ಯವಹಾರದಲ್ಲಿ ನಾನು ಕೊಟ್ಟ ಅತ್ಯಂತ ಸಾರ್ಥಕವಾದ ಹಣ ಅದು.

ನಮ್ಮ ದೇಶದಲ್ಲಿ ಇಂಥ ಕಾರುಗಳು ಕಡಿಮೆ. ಸೆಕೆಂಡ್‌ಹ್ಯಾಂಡ್ ಸಿಗುವವು ಆಡಿ ಎ3 ಕ್ಯಾಬ್ರಿಯೊಲೆ, ಮರ್ಸಿಡಿಸ್ ಸಿ300 ಕ್ಯಾಬ್ರಿಯೊಲೆ, ಬಿಎಂಡಬ್ಲ್ಯೂ ಝಡ್4, ಮಿನಿ ಹೀಗೆ ಬೆರಳೆಣಿಕೆಯಷ್ಟು. ನಾನು ನೋಡಿದ ಮೂರು ಯಾವುವು ಎಂದು ಬರೆಯುವುದಿಲ್ಲ. ನಾನು ಕಂಡ ತೊಂದರೆಗಳು ಸಾಕಿದವರಿಂದ, ಮಾರಿದವರಿಂದ ಬಂದವೇ ಹೊರತು ಕಾರು ಮಾಡಿದವರಿಂದಲ್ಲ.

ಮೊದಲನೆಯದನ್ನು ಬೆಂಗಳೂರಿನಲ್ಲಿ ಹಳೆಯ ಕಾರು ಮಾರುವ ಮಳಿಗೆಯಲ್ಲಿ ನೋಡಿದೆ. ತಮ್ಮನೂ ಜೊತೆಗಿದ್ದ. ಓಡಿಸಿ ನೋಡಿದರೆ ಹತ್ತಿಯ ಮೇಲೆ ಹೋದ ಹಾಗಿತ್ತು. ಹಂಪ್ ದಾಟಿದ್ದೇ ಗೊತ್ತಾಗಲಿಲ್ಲ. ತಮ್ಮ ಅಲ್ಲೇ ಮುಂಗಡ ಕೊಡಲು ಸಿದ್ಧನಾಗಿದ್ದ. ಮರಳಿ ಬಂದು ನಿಲ್ಲಿಸಿದ ಮೇಲೆ ಕಾಕಾ ಕೊಟ್ಟ ಗೇಜು ಇಟ್ಟು ನೋಡಿದೆ: ಗಾಳಿಯ ಒತ್ತಡ 26 ಪಿಎಸ್‌ಐ. ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಬರೆದದ್ದು 33, ಅದೂ ತಣ್ಣಗಿರುವಾಗ. ಓಡಿ ಬಿಸಿಯಾದ ಟೈರಿನಲ್ಲಿ ಅದಕ್ಕಿಂತ ಹೆಚ್ಚೇ ಇರಬೇಕಿತ್ತು. ಗಾಳಿ ಇಳಿಸಿದರೆ ಯಾವ ಕಾರೂ ಮೆತ್ತಗೇ ಹೋಗುತ್ತದೆ. ಜೊತೆಗೆ ಟೈರಿನ ಎರಡೂ ಅಂಚು ಬೇಗ ಸವೆಯುತ್ತದೆ, ಹೆದ್ದಾರಿಯಲ್ಲಿ ಪಕ್ಕೆ ಕಾದು ಒಡೆಯುವ ಅಪಾಯವೂ ಇರುತ್ತದೆ. ಬೇಕೆಂದೇ ಇಳಿಸಿದ್ದರೋ, ತಿಂಗಳುಗಟ್ಟಲೆ ನಿಂತು ತಾನಾಗಿ ಇಳಿದಿತ್ತೋ, ಹೇಳಲಾರೆ. ಸರಿಯಾದ ಗಾಳಿ ತುಂಬಿಸಿ ಮತ್ತೊಂದು ಸುತ್ತು ಹೋಗೋಣವೇ ಎಂದೆ. ಇನ್ನೊಬ್ಬ ಗಿರಾಕಿ ಬರುವ ಹೊತ್ತಾಯಿತು ಎಂದರು. ನಾವು ಎದ್ದು ಬಂದೆವು.

ಆ ಕಾರಿಗೆ ನಾಲ್ಕೂ ಹೊಚ್ಚಹೊಸ ಅಗ್ಗದ ಟೈರು ಹಾಕಿದ್ದರು. ಅದು ಒಳ್ಳೆಯದಲ್ಲವೇ ಎಂದು ತಮ್ಮ ದಾರಿಯುದ್ದಕ್ಕೂ ಕೇಳುತ್ತಿದ್ದ. ನನಗೂ ಆಗ ಹಾಗೇ ಅನ್ನಿಸಿತ್ತು. ಊರಿಗೆ ಬಂದು ಕೇಳಿದಾಗ ಕಾಕಾ ಬಿಡಿಸಿ ಹೇಳಿದರು. ಹಳೆಯ ಟೈರು ಗಾಡಿಯ ಜಾತಕ ಇದ್ದ ಹಾಗೆ. ನಡುವೆ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿತ್ತು, ಒಂದೇ ಅಂಚು ಸವೆದಿದ್ದರೆ ಚಕ್ರ ಓರೆಯಾಗಿದೆ, ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಕೆಲಸ ಮಾಡುತ್ತಿಲ್ಲ. ಹೊಸ ಟೈರು ಹಾಕಿದರೆ ಆ ಜಾತಕವೇ ಅಳಿಸಿಹೋಗುತ್ತದೆ. ಅಂಥ ಕಾರು ಸಿಕ್ಕರೆ ತೆಗೆದುಹಾಕಿದ ಹಳೆಯ ಟೈರು ಎಲ್ಲಿ ಎಂದು ಕೇಳಿ, ಅಥವಾ ಅದೇ ವಾರ ಮಾಡಿಸಿದ ವೀಲ್ ಅಲೈನ್‌ಮೆಂಟಿನ ಮುದ್ರಿತ ಹಾಳೆ ಕೇಳಿ.

ಎರಡನೆಯ ಕಾರನ್ನು ನವೆಂಬರ್ ಮೊದಲ ವಾರದಲ್ಲಿ, ಬೆಂಗಳೂರಿನಲ್ಲೇ, ಒಬ್ಬರ ಮನೆಯಲ್ಲಿ ನೋಡಿದೆ. ಕಡುನೀಲಿ ಬಣ್ಣ, ಕೆನೆಬಣ್ಣದ ಸೀಟು. ನಿಜ ಹೇಳುತ್ತೇನೆ, ಮನಸ್ಸು ಅಲ್ಲೇ ಹೋಗಿತ್ತು. ಹಿಂದಿನ ಟೈರು ಹೊರಗಿನಿಂದ ನೋಡಿದರೆ ಅರ್ಧದಷ್ಟೂ ಸವೆದಿರಲಿಲ್ಲ. ನೆಲಕ್ಕೆ ಹಳೆಯ ಪತ್ರಿಕೆ ಹಾಸಿ ಮಂಡಿಯೂರಿ ಕೈಯನ್ನು ಚಕ್ರದ ಒಳಬದಿಗೆ ತೂರಿಸಿ ಸವರಿದೆ. ರಬ್ಬರು ನುಣ್ಣಗಿತ್ತು, ಗೆರೆಯೇ ಇರಲಿಲ್ಲ. ಇನ್ನೂ ಒಂದು ಗೇಣು ಮುಂದೆ ಹೋದಾಗ ಬೆರಳಿಗೆ ಚುಚ್ಚಿತು. ಕೈ ಹೊರಗೆ ತೆಗೆದರೆ ತೋರುಬೆರಳಿನ ತುದಿಯಲ್ಲಿ ರಕ್ತದ ಸಣ್ಣ ಚುಕ್ಕೆ. ಟೈರಿನೊಳಗಿನ ಉಕ್ಕಿನ ತಂತಿ ಹೊರಬಂದಿತ್ತು. ಆ ಮನೆಯವರಿಗೂ ಗೊತ್ತಿರಲಿಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹಿಂದಿನ ವಾರವಷ್ಟೇ ಮೈಸೂರಿಗೆ ಹೋಗಿ ಬಂದಿದ್ದೆವು ಎಂದು ಅವರು ಪೆಚ್ಚಾಗಿ ನಿಂತುಬಿಟ್ಟರು.

ಇಂಥ ಕಾರುಗಳಲ್ಲಿ ಒಳಂಚೇ ಏಕೆ ಸವೆಯುತ್ತದೆ ಎಂದರೆ, ತಿರುವಿನಲ್ಲಿ ಹಿಡಿತ ಸಿಗಲೆಂದು ಚಕ್ರಗಳ ಮೇಲ್ಭಾಗವನ್ನು ತುಸು ಒಳಕ್ಕೆ ವಾಲಿಸಿರುತ್ತಾರೆ. ಅದು ಕ್ಯಾಂಬರ್. ಅಷ್ಟರಿಂದಲೇ ಟೈರು ಹಾಳಾಗುವುದಿಲ್ಲ. ಅದರ ಜೊತೆ ಚಕ್ರದ ನೇರವೂ ತಪ್ಪಿದರೆ, ಅಂದರೆ ಟೋ ಕೆಟ್ಟರೆ, ಟೈರು ಉರುಳುತ್ತಲೇ ಅಡ್ಡಕ್ಕೂ ಉಜ್ಜುತ್ತದೆ, ಒಳಂಚು ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಬೋಳಾಗುತ್ತದೆ. ಕಾನೂನಿನ ಪ್ರಕಾರ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದು. ಗೆರೆಗಳ ತಳದಲ್ಲಿ ಅಡ್ಡಲಾಗಿರುವ ಸಣ್ಣ ದಿಮ್ಮಿಗಳು ಆ ಮಟ್ಟವನ್ನೇ ತೋರಿಸುತ್ತವೆ. ನಮ್ಮ ಮಲೆನಾಡಿನ ಮಳೆಗೆ 1.6 ಸಾಲದು. 3 ಮಿಲಿಮೀಟರಿಗೆ ಬಂದರೆ ನಾನು ಮಳೆಗಾಲಕ್ಕೆ ಮೊದಲೇ ಬದಲಾಯಿಸುತ್ತೇನೆ.

ಕಾಫಿ ಕೊಯ್ಲು ಬಂದು ಕಣದಲ್ಲಿ ಕೆಲಸ ಶುರುವಾದ್ದರಿಂದ ನವೆಂಬರಿನಿಂದ ಜನವರಿಯವರೆಗೆ ಹುಡುಕಾಟ ನಿಂತಿತು. ಆ ದಿನಗಳಲ್ಲೇ ಒಂದು ಸಂಗತಿ ಹೊಳೆಯಿತು. ಹಣ್ಣು ಕೊಯ್ಯುವ ಬುಟ್ಟಿಯೊಂದರ ಬಾಯಿಯ ಕಟ್ಟು ಬಿಚ್ಚಿಕೊಂಡಿತ್ತು. ಎತ್ತಿದರೆ ಆಚೆ ಈಚೆ ಸೊಟ್ಟಗಾಗುತ್ತಿತ್ತು. ತಳ, ಗೋಡೆ ಎಲ್ಲ ಗಟ್ಟಿಯಾಗಿಯೇ ಇತ್ತು. ಚಾವಣಿಯಿಲ್ಲದ ಕಾರೂ ಹೀಗೆಯೇ. ಮಾಮೂಲಿ ಕಾರಿನಲ್ಲಿ ಮೈಯನ್ನು ಬಿಗಿಯಾಗಿ ಹಿಡಿದಿಡುವುದರಲ್ಲಿ ಚಾವಣಿಗೂ ಪಾಲಿದೆ. ಅದನ್ನು ತೆಗೆದಾಗ ತಳಕ್ಕೆ ಹೆಚ್ಚಿನ ಪಟ್ಟಿಗಳನ್ನು ಹಾಕಿ ಬಿಗಿ ಮಾಡುತ್ತಾರೆ, ಅದರಿಂದ ತೂಕ ಏರುತ್ತದೆ. ಆದರೂ ಗುಂಡಿ ಬಿದ್ದ ರಸ್ತೆಯಲ್ಲಿ ಡ್ಯಾಶ್‌ಬೋರ್ಡು, ಸ್ಟಿಯರಿಂಗು ಸಣ್ಣಗೆ ನಡುಗುತ್ತವೆ. ಟೈರು ಗಡುಸಾಗಿದ್ದಷ್ಟೂ ನಡುಕ ಹೆಚ್ಚು. ಪರೀಕ್ಷೆ ಸುಲಭ: ಟಾಪು ತೆರೆದು ಒರಟು ರಸ್ತೆಯಲ್ಲಿ ನಿಧಾನವಾಗಿ ಹೋಗಿ, ಒಳಗನ್ನಡಿ ನೋಡಿ. ಹಿಂದಿನ ಗಾಡಿಯ ನಂಬರ್ ಓದಲು ಬಂದರೆ ಸರಿ. ಅಕ್ಷರಗಳು ಕಲಸಿಹೋದರೆ ಮೈ ಸಡಿಲವಾಗಿದೆ ಅಥವಾ ಟೈರು ಕಲ್ಲಾಗಿದೆ. ಟಾಪು ಮುಚ್ಚಿ ಮತ್ತೊಮ್ಮೆ ನೋಡಿ. ನನ್ನಂತೆ ಸೊಂಟ ನೋವಿರುವವರು ಕನಿಷ್ಠ ಮುಕ್ಕಾಲು ಗಂಟೆ ಕೂರದೆ ತೀರ್ಮಾನ ಮಾಡಬೇಡಿ. ಮೊದಲ ಹತ್ತು ನಿಮಿಷ ಯಾವ ಸೀಟಾದರೂ ಹಿತವೇ.

ಮೂರನೆಯದು ಮಂಗಳೂರಿನ ಕಾರು. 2017ರದ್ದು, 31,000 ಕಿಲೋಮೀಟರ್ ಓಡಿದ್ದು, ನಾಲ್ಕು ಸೀಟು, ಬಟ್ಟೆಯ ಟಾಪು. ಒಡೆಯರು ವೈದ್ಯರು, ಮಾತಿಗೆ ಸಿಗುವ ಮನುಷ್ಯ. ಒಂದು ಗಂಟೆ ಓಡಿಸಿ ನೋಡಿ ಎಂದು ಬೀಗದ ಕೈ ಕೊಟ್ಟರು. ಎಂಜಿನ್, ಗೇರು, ಟಾಪು ಎಲ್ಲ ಚೆನ್ನಾಗಿದ್ದವು. ಚಕ್ರಗಳು ಮಾತ್ರ ಕಣ್ಣಿಗೆ ಹೊಡೆಯುವಷ್ಟು ದೊಡ್ಡವು. ಸ್ಟಿಕ್ಕರಿನಲ್ಲಿದ್ದ ಅಳತೆ 225/45 ಆರ್17 91 ಡಬ್ಲ್ಯೂ. ಕಾರಿನಲ್ಲಿ ಇದ್ದದ್ದು 225/35 ಆರ್19 88 ವೈ. ಅಂದಕ್ಕೆಂದು ಅವರ ಮಗ ಹಾಕಿಸಿದ್ದನಂತೆ.

ಈ ಅಂಕಿಗಳನ್ನು ಓದಲು ಕಲಿತುಕೊಳ್ಳಿ, ಕಷ್ಟವೇನಿಲ್ಲ. 225 ಎಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ. 45 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇಕಡ 45, ಅಂದರೆ ಸುಮಾರು 101 ಮಿಲಿಮೀಟರ್. 35 ಆದರೆ 79. ಹೊರಸುತ್ತು ಹೆಚ್ಚುಕಡಿಮೆ ಒಂದೇ ಆದರೂ ರಸ್ತೆಗೂ ಲೋಹದ ಚಕ್ರಕ್ಕೂ ನಡುವಿನ ರಬ್ಬರು ಮತ್ತು ಗಾಳಿಯ ಮೆತ್ತೆ ಎರಡೂಕಾಲು ಸೆಂಟಿಮೀಟರ್ ಕಡಿಮೆಯಾಗಿತ್ತು. ಕೊನೆಯ ಅಂಕಿ ಹೊರುವ ಶಕ್ತಿ: 91 ಎಂದರೆ ಒಂದು ಟೈರಿಗೆ 615 ಕೆ.ಜಿ., 88 ಎಂದರೆ 560. ಅಂದರೆ ಕಾರು ಕೇಳುವುದಕ್ಕಿಂತ ಕಡಿಮೆ ಹೊರುವ ಟೈರು ಹಾಕಿದ್ದರು. ಕೊನೆಯ ಅಕ್ಷರ ವೇಗದ ಮಿತಿ: ಡಬ್ಲ್ಯೂ 270 ಕಿ.ಮೀ., ವೈ 300. ಪಕ್ಕೆಯ ಮೇಲೆ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಹುಟ್ಟಿದ ದಿನ. ಇಲ್ಲಿ 3221 ಎಂದಿತ್ತು, 2021ರ 32ನೆಯ ವಾರ. ಹಿಂದಿನ ಟೈರುಗಳ ಆಳ ಅಳೆದೆ: ಹೊರಗೆ 4.6, ನಡುವೆ 4.1, ಒಳಗೆ 1.8 ಮಿಲಿಮೀಟರ್. ಮತ್ತೆ ಅದೇ ಕಾಯಿಲೆ.

ಅಳತೆಗಳನ್ನು ಚೀಟಿಯಲ್ಲಿ ಬರೆದು ಅವರ ಮುಂದಿಟ್ಟೆ. ಅವರು ವಾದ ಮಾಡಲಿಲ್ಲ. 21 ಲಕ್ಷ ಹೇಳಿದ್ದವರು 19 ಲಕ್ಷ 75 ಸಾವಿರಕ್ಕೆ ಒಪ್ಪಿದರು, ಜೊತೆಗೆ ಕಾರಿನ ಮೂಲ 17 ಇಂಚಿನ ಚಕ್ರಗಳನ್ನೂ ಕೊಡುತ್ತೇನೆ ಎಂದರು. ಅವು ಉಡುಪಿಯ ಅಣ್ಣನ ಮನೆಯ ಅಟ್ಟದಲ್ಲಿವೆ, ವಾರದೊಳಗೆ ಕಳಿಸುತ್ತೇನೆ ಎಂದರು. ನಾನು ಒಪ್ಪಿ ಹಣ ಕೊಟ್ಟು ಕಾರು ತಂದೆ. ಈಗ ಯಾರಾದರೂ ಕೇಳಿದರೆ, ಚಕ್ರ ಬರುವವರೆಗೆ ಕಾರು ಅಲ್ಲೇ ಇರಲಿ ಎಂದೇ ಹೇಳುತ್ತೇನೆ. ಆ ವಾರ 26 ದಿನವಾಯಿತು.

ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿದೆವು. ಘಾಟಿಯ ತಿರುವುಗಳಲ್ಲಿ ಕಾರು ಹಳಿಯ ಮೇಲಿದ್ದ ಹಾಗೆ ಹಿಡಿದುಕೊಂಡು ಹೋಯಿತು, ಅದನ್ನು ಅಲ್ಲಗಳೆಯಲಾರೆ. ಆದರೆ ರಸ್ತೆಯ ಒಂದೊಂದು ತೇಪೆಯೂ ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ಇಳಿದಾಗ ಎರಡು ನಿಮಿಷ ಕಾರಿನ ಬಾಗಿಲು ಹಿಡಿದು ನಿಂತಿದ್ದೆ. ಯಜಮಾನರು ಏನೂ ಕೇಳಲಿಲ್ಲ, ಮುಂದಕ್ಕೆ ತಾವೇ ಓಡಿಸಿದರು. ಮೂಡಿಗೆರೆ ಇನ್ನೂ ಐದಾರು ಕಿಲೋಮೀಟರ್ ಇರುವಾಗ ಎದುರಿಗೆ ಬಸ್ಸು ಬಂತು, ಎಡಕ್ಕೆ ಸರಿದರು, ನೆರಳಿನಲ್ಲಿದ್ದ ಗುಂಡಿ ಕಾಣಲಿಲ್ಲ. ಕಲ್ಲಿಗೆ ಕಲ್ಲು ಬಡಿದ ಸದ್ದು.

ಮನೆಗೆ ಬಂದು ನೋಡಿದರೆ ಎಡ ಮುಂದಿನ ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನ ಹೋಳಿನಷ್ಟು ಗುಳ್ಳೆ ಎದ್ದಿತ್ತು. ಒಳಗಿನ ನೂಲು ಹರಿದು, ಗಾಳಿ ಹೊರಪದರವನ್ನು ಉಬ್ಬಿಸಿದೆ ಎಂದರ್ಥ. ಇದಕ್ಕೆ ಪಂಕ್ಚರ್ ಹಾಕುವ ಹಾಗಿಲ್ಲ, ರಿಪೇರಿಯೂ ಇಲ್ಲ. ಹಾಗೇ ಓಡಿಸಿದರೆ ಎಲ್ಲಿ ಬೇಕಾದರೂ ಸಿಡಿಯಬಹುದು. ಕಾರು ತಂದ ಮೊದಲ ದಿನವೇ ಅದನ್ನು ಶೆಡ್ಡಿನಲ್ಲಿ ನಿಲ್ಲಿಸಬೇಕಾಯಿತು. ಆ ರಾತ್ರಿ ತುಂಬಾ ನೊಂದುಕೊಂಡೆ. ಗುಂಡಿಗಿಂತ ಹೆಚ್ಚಾಗಿ ನನ್ನ ಅವಸರ ಮನಸ್ಸನ್ನು ಕೊರೆಯುತ್ತಿತ್ತು. ಯಜಮಾನರಂತೂ ಎರಡು ದಿನ ಸಪ್ಪಗಿದ್ದರು.

ವಿಮೆ ಕೊಡುವುದಿಲ್ಲವೇ ಎಂದು ಹಲವರು ಕೇಳಿದರು. ಮಾಮೂಲಿ ಪ್ಯಾಕೇಜ್ ಪಾಲಿಸಿಯಲ್ಲಿ ಟೈರು ಮಾತ್ರ ಹಾಳಾದರೆ ಏನೂ ಸಿಗುವುದಿಲ್ಲ. ಅದೇ ಅಪಘಾತದಲ್ಲಿ ಕಾರಿಗೂ ಪೆಟ್ಟಾಗಿದ್ದರೆ ಮಾತ್ರ ಟೈರಿನ ಬೆಲೆಯ ಅರ್ಧ. ಟೈರಿಗೆಂದೇ ಹೆಚ್ಚುವರಿ ಕಂತು ಕಟ್ಟುವ ಸೌಲಭ್ಯ ಕೆಲವು ವಿಮಾ ಕಂಪನಿಗಳಲ್ಲಿದೆ. ಇಂಥ ಕಾರು ಕೊಳ್ಳುವವರು ಪಾಲಿಸಿ ಮಾಡಿಸುವ ದಿನವೇ ಅದನ್ನು ಕೇಳಿ.

ಕಾರು ನಿಂತಿದ್ದ ಆ ದಿನಗಳಲ್ಲಿ ಕಾಗದಪತ್ರದ ಓಡಾಟ ನಡೆಯಿತು. ಒಡೆತನ ಬದಲಿಸುವ ಫಾರಂ 29 ಮತ್ತು 30ಕ್ಕೆ ಕಾರು ಕೊಳ್ಳುವ ದಿನವೇ ಸಹಿ ಮಾಡಿಸಿಕೊಂಡಿದ್ದೆ. ರಾಜ್ಯದೊಳಗಿನ ಕಾರಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಜೀವಿತಾವಧಿ ತೆರಿಗೆ ಕರ್ನಾಟಕದಲ್ಲೇ ಕಟ್ಟಿದ್ದರಿಂದ ಮತ್ತೆ ಕಟ್ಟಬೇಕಾಗಲಿಲ್ಲ. ಸಿಕ್ಕಿಬಿದ್ದದ್ದು ಹಳೆಯ ಸಾಲದಲ್ಲಿ. ವೈದ್ಯರು ಸಾಲ ತೀರಿಸಿ ನಾಲ್ಕು ವರ್ಷವಾಗಿತ್ತು, ಬ್ಯಾಂಕಿನ ಪತ್ರವೂ ಇತ್ತು. ಆದರೆ ಅದನ್ನು ಫಾರಂ 35ರ ಜೊತೆ ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿರಲಿಲ್ಲ. ಪತ್ರಕ್ಕೆ ಮೂರು ತಿಂಗಳಷ್ಟೇ ಆಯುಷ್ಯ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಹೊಸ ಪತ್ರ ತರಿಸಲು 19 ದಿನ ಬೇಕಾಯಿತು. ಆರ್‌ಸಿಯಲ್ಲಿ ಸಾಲದ ನಮೂದು ಇದೆಯೇ ಎಂದು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಿ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಹಳೆಯ ಒಡೆಯರದ್ದು, ಅದು ನಮಗೆ ಬರುವುದಿಲ್ಲ. ನನಗೆ ಅದರ ವ್ಯತ್ಯಾಸವೂ ಸೇರಿ 22,400 ರೂಪಾಯಿ ಬಿತ್ತು.

ಉಡುಪಿಯಿಂದ ಚಕ್ರಗಳು ಪಾರ್ಸಲ್ ಲಾರಿಯಲ್ಲಿ ಬಂದವು. ಗೋಣಿಚೀಲ ಬಿಚ್ಚಿದರೆ ನೋಡಲು ಹೊಸದರಂತಿದ್ದವು. ಕಾಕಾ ಒಂದೊಂದನ್ನೇ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿದರು. ಮೂರು ನೀರಿನ ಮೇಲಿನ ತೆಪ್ಪದಂತೆ ಸಮವಾಗಿ ತಿರುಗಿದವು. ನಾಲ್ಕನೆಯದರ ಒಳ ಅಂಚು ಒಂದು ಕಡೆ ತಗ್ಗಿತ್ತು. ತಿರುಗುವಾಗ ಅಲ್ಲಿ ಬೆಳಕು ಮಿಣುಕುತ್ತಿತ್ತು. ಬಿರುಕು ಬಿಟ್ಟ ಅಲಾಯ್ ಚಕ್ರವನ್ನು ಬೆಸುಗೆ ಹಾಕಿಸಿ ಬಳಸಬಾರದು, ಬಗ್ಗಿದ್ದನ್ನು ನೇರ ಮಾಡಿಸಬಹುದು ಎಂದರು. ಹಾಸನಕ್ಕೆ ಕಳಿಸಿ ನೇರ ಮಾಡಿಸಿದೆವು, 2,500 ರೂಪಾಯಿ.

ಇನ್ನು ಯಾವ ಟೈರು? ಇಲ್ಲಿ ಎರಡು ದಿನ ನಿದ್ದೆಗೆಟ್ಟೆ. ರನ್-ಫ್ಲಾಟ್ ಹಾಕಿಸಿ ಎಂದು ಕೆಲವರು ಹೇಳಿದರು. ಅದರ ಪಕ್ಕೆ ಎಷ್ಟು ಗಟ್ಟಿಯೆಂದರೆ ಗಾಳಿ ಪೂರ್ತಿ ಹೋದರೂ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸುಮಾರು 80 ಕಿಲೋಮೀಟರ್ ದೂರ ಓಡಿಸಬಹುದು. ರಾತ್ರಿ ಹೊತ್ತು ತೋಟದ ದಾರಿಯಲ್ಲಿ ಒಬ್ಬಳೇ ಬರುವಾಗ ಅಂಥದ್ದು ಇದ್ದರೆ ಧೈರ್ಯ. ಆದರೆ ಅದೇ ಗಟ್ಟಿ ಪಕ್ಕೆ ಪ್ರತಿ ಗುಂಡಿಯನ್ನೂ ಒಳಗೆ ಕಳಿಸುತ್ತದೆ, ಬೆಲೆಯೂ ಹೆಚ್ಚು. ನನ್ನ ಸೊಂಟಕ್ಕಾಗಿ ಮಾಮೂಲಿ ಟೈರನ್ನೇ ಆರಿಸಿದೆ, ಅದರಲ್ಲೂ ಆರಾಮಕ್ಕೆಂದು ಮಾಡಿದ ಟೂರಿಂಗ್ ವರ್ಗದ್ದು. ಸ್ಪೋರ್ಟ್ ವರ್ಗದ್ದು ಬೇಡವೆಂದೆ. ಈ ಕಾರಿಗೆ ಸ್ಟೆಪ್ನಿ ಇಲ್ಲ. ಸಣ್ಣ ಸ್ಟೆಪ್ನಿಯೊಂದನ್ನು ಡಿಕ್ಕಿಯಲ್ಲಿ ಇಡಲು ನೋಡಿದೆವು. ಟಾಪು ಮಡಚಿ ಕೂರುವ ಜಾಗವೂ ಅದೇ ಆದ್ದರಿಂದ ಎರಡೂ ಒಟ್ಟಿಗೆ ಹಿಡಿಸಲಿಲ್ಲ. ಈಗ ಹತ್ತಿರದ ಓಡಾಟಕ್ಕೆ ಪಂಕ್ಚರ್ ಕಿಟ್ಟು ಮತ್ತು ಗಾಳಿ ತುಂಬುವ ಪುಟ್ಟ ಯಂತ್ರ. ದೂರ ಹೋಗುವಾಗ ಸ್ಟೆಪ್ನಿ ಇಟ್ಟು ಟಾಪು ಮುಚ್ಚಿಕೊಂಡೇ ಹೋಗುವುದು. ಕಿಟ್ಟಿನಿಂದ ಮೊಳೆ ಚುಚ್ಚಿದ ತೂತು ಮುಚ್ಚಬಹುದು, ಪಕ್ಕೆ ಹರಿದರೆ ಅದು ಕೆಲಸಕ್ಕೆ ಬರುವುದಿಲ್ಲ ಎಂಬುದು ನೆನಪಿರಲಿ.

ತರಿಸಿದ ಟೈರುಗಳು ಬಂದಾಗ ಎರಡರ ತಾರೀಕು ಹೊಸದು, ಇನ್ನೆರಡು 2023ರವು. ಅಂಗಡಿಯವರು ಅದೇನೂ ತೊಂದರೆಯಿಲ್ಲ ಎಂದರು. ಪೂರ್ತಿ ಹಣ ಕೊಡುವಾಗ ಎರಡು ವರ್ಷ ಗೋದಾಮಿನಲ್ಲಿದ್ದ ಟೈರು ನನಗೇಕೆ? ವಾಪಸು ಮಾಡಿದೆ. ಮತ್ತೆ 11 ದಿನ ಕಾದೆ. ಬಂದ ಟೈರುಗಳು ಮೂರು ತಿಂಗಳೊಳಗಿನವು. ಒಂದಕ್ಕೆ 14,200ರಂತೆ ನಾಲ್ಕಕ್ಕೆ 56,800 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ. ಯಾರಾದರೂ ಹಳೆಯ ದರಪಟ್ಟಿ ತೋರಿಸಿದರೆ ಬಿಲ್ಲಿನಲ್ಲಿ ತೆರಿಗೆಯ ಸಾಲು ನೋಡಿ.

ಅಲೈನ್‌ಮೆಂಟಿಗೆ ಹಾಸನಕ್ಕೆ ಹೋದೆ. ಈ ಮಾದರಿಯ ಅಂಕಿಗಳಿದ್ದ ಯಂತ್ರ ಅಲ್ಲಿತ್ತು. ಹಿಂದಿನ ಎಡ ಚಕ್ರದ ಟೋ ಪರದೆಯ ಮೇಲೆ ಕೆಂಪಾಗಿ ತೋರಿಸುತ್ತಿತ್ತು, ಒಳಂಚು ತಿಂದ ಕಳ್ಳ ಅದೇ. ತಿರುಗಿಸಬೇಕಾದ ಬೋಲ್ಟು ಕಡಲ ಗಾಳಿಗೆ ತುಕ್ಕು ಹಿಡಿದು ಒಂದು ಕೂದಲೆಳೆಯೂ ಕದಲಲಿಲ್ಲ. ಹುಡುಗರು ಬಲ ಹಾಕಲು ಹೋದಾಗ ಮೇಸ್ತ್ರಿ ತಡೆದು, ಮುರಿದರೆ ಚಕ್ರವನ್ನು ಹಿಡಿದಿಡುವ ಇಡೀ ತೋಳೇ ಬದಲಿಸಬೇಕಾಗುತ್ತದೆ ಎಂದು ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಟ್ಟರು. ನಾನು ಹಾಸನದಲ್ಲಿರುವ ಅತ್ತಿಗೆಯ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಒಂಬತ್ತೂವರೆಗೆ ಬೋಲ್ಟು ಒಮ್ಮೆ ಕಿರ್ರೆಂದು ಕೂಗಿ ತಿರುಗಿತು. ಪರದೆಯ ಮೇಲಿನ ಅಂಕಿ ಹಸಿರಾದಾಗ ಅಲ್ಲಿದ್ದವರೆಲ್ಲರ ಮುಖವೂ ಅರಳಿತು. ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಸೇರಿ 3,100. ಮುದ್ರಿಸಿದ ಹಾಳೆಯನ್ನು ಕೇಳಿ ಪಡೆಯಿರಿ, ಮೊದಲಿನದು ಮತ್ತು ಆಮೇಲಿನದು, ಎರಡೂ.

ಈ ಕಾರಿನ ಟೈರು ಎಚ್ಚರಿಕೆ ಚಕ್ರಗಳ ಸುತ್ತುವಿಕೆ ಹೋಲಿಸಿ ಗಾಳಿ ಇಳಿದದ್ದನ್ನು ಊಹಿಸುತ್ತದೆ. ಆದ್ದರಿಂದ ಟೈರು ಬದಲಿಸಿದ ಮೇಲೆ ಗಾಳಿ ಸರಿಮಾಡಿ ಮೆನುವಿನಲ್ಲಿ ಮರುಹೊಂದಿಸಬೇಕು. ಗಾಳಿಯನ್ನು ಬೆಳಗಿನ ತಣ್ಣಗಿನ ಹೊತ್ತಿನಲ್ಲೇ ನೋಡಿ. ಹವೆ ಹತ್ತು ಡಿಗ್ರಿ ಇಳಿದರೆ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಸರಿಯಿದ್ದದ್ದು ಆಲ್ದೂರಿನ ಮುಂಜಾನೆ ಸರಿಯಿರುವುದಿಲ್ಲ.

ಹಳೆಯ 19 ಇಂಚಿನ ಚಕ್ರಗಳನ್ನು ಬೆಂಗಳೂರಿನವರೊಬ್ಬರು 40,000ಕ್ಕೆ ಕೊಂಡರು. ಗುಳ್ಳೆ ಬಂದ ಟೈರನ್ನು ಕೊಡಲಿಲ್ಲ. ಇನ್ನೊಬ್ಬರು ಹಾಕಿಕೊಂಡಾರು ಎಂದು ಕಾಕಾ ಅದರ ಪಕ್ಕೆಯನ್ನು ನನ್ನೆದುರೇ ಕೊಯ್ದುಹಾಕಿದರು. ಗೇಟಿನಿಂದ ಮನೆಯವರೆಗಿನ 400 ಮೀಟರ್ ಕಚ್ಚಾ ದಾರಿಗೆ ಜಲ್ಲಿಪುಡಿ ಹಾಕಿ ಮಟ್ಟ ಮಾಡಿಸಲು 38,000 ಹೋಯಿತು. ಅದು ಲೆಕ್ಕದಲ್ಲೇ ಇರಲಿಲ್ಲ. ಕಾರಿನ ತಳ ನೆಲಕ್ಕೆ ಎಷ್ಟು ಹತ್ತಿರ ಎಂಬುದು ನಾಲ್ಕು ಜನ ಕುಳಿತ ಮೇಲೆಯೇ ಗೊತ್ತಾಗುವುದು.

ಹಾಸನದಿಂದ ಬೇಲೂರಿನ ಮೇಲೆ ಮರಳಿದ ಆ ದಿನವೇ ಅಪ್ಪನನ್ನು ಕೂರಿಸಿಕೊಂಡು ಹೊರಟೆ. ಅವರಿಗೆ ಈಗ 81. ಹಿಂದಿನ ವಾರ ಬಿದ್ದ ಹೂಮಳೆಗೆ ಕಾಫಿ ಹೂವಾಗಿತ್ತು, ರಸ್ತೆಯ ಎರಡೂ ಬದಿ ಬಿಳಿ. ಟಾಪು ತೆರೆದೆ. ಅಪ್ಪ ಮಾತಾಡಲಿಲ್ಲ, ತಲೆ ಹಿಂದಕ್ಕೆ ಒರಗಿಸಿ ಸಿಲ್ವರ್ ಓಕ್ ತುದಿಗಳನ್ನೇ ನೋಡುತ್ತಿದ್ದರು. ಆಲ್ದೂರಿಗೆ ಮೊದಲು ಸಿಗುವ ಹಂಪಿನ ಮೇಲೆ ನಾನು ಅಭ್ಯಾಸಬಲದಿಂದ ಸೊಂಟ ಬಿಗಿ ಹಿಡಿದೆ. ಕಾರು ಒಮ್ಮೆ ಏರಿ ಮೆಲ್ಲಗೆ ಇಳಿಯಿತು. ಒಳಗನ್ನಡಿಯಲ್ಲಿ ಹಿಂದಿದ್ದ ಪಿಕಪ್ಪಿನ ನಂಬರು ಕೆಎ-18 ಎಂದು ಸ್ಪಷ್ಟವಾಗಿ ಕಾಣುತ್ತಿತ್ತು.

'ನಮ್ಮ ಜೀಪಿಗಿಂತ ಮೆತ್ತಗಿದೆ, ಪುಟ್ಟಿ' ಎಂದರು ಅಪ್ಪ. ಆಮೇಲೆ ಅಂಗೈ ಮೇಲೆತ್ತಿ ಹಿಡಿದು, 'ಹನಿ ಬಿತ್ತು. ಟಾಪು ಹಾಕು' ಎಂದರು.